ಪರದೇಶಕ್ಕೆ ಹೋಗುವವರೂ ಮೊಬೈಲಿನ ಅಂಗಡಿಯ ಲೆಕ್ಕವೂ

(ವೈಜಾಪುರದ ನಮ್ಮ ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ಕೂಟದಲ್ಲಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾವು ಪಂಡಿತರಲ್ಲ, ಮೂರು ವರ್ಷ ಮಸ್ಕತ್ತಿನಲ್ಲಿದ್ದು ಮರಳಿದ ಸಂಸಾರಸ್ಥರು. ಆದುದರಿಂದ ಕೈ ಸುಟ್ಟುಕೊಂಡು ಕಲಿತದ್ದನ್ನೇ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ನಾಡು ಬದಲಾದರೆ ಹಣವೂ ಬದಲಾಗುವುದೆಂಬ ಮಾತು ಈ ಊರಿಗೆ ಹೊಸದಲ್ಲ. ಹಿಂದೆ ವೈಜಾಪುರ ನಿಜಾಮರ ಸೀಮೆ. ಮನಮಾಡ, ಯೇವಲೆಗಳು ಮುಂಬಯಿ ಪ್ರಾಂತ. ರೋಟೆಗಾಂವದಲ್ಲಿ ರೈಲು ಹತ್ತಿ ಮನಮಾಡದಲ್ಲಿಳಿದವನು ಪರರಾಜ್ಯದಲ್ಲಿ ಕಾಲಿಟ್ಟಂತೆಯೇ. ಇಲ್ಲಿಯದು ಹಾಲಿ ಸಿಕ್ಕಾ, ಅಲ್ಲಿಯದು ಕಲ್ದಾರ ರೂಪಾಯಿ. 1950ರಲ್ಲಿ ಭಾರತದ ರೂಪಾಯಿ ಇಲ್ಲಿಗೆ ಬಂದಾಗ ಏಳು ಹಾಲಿಗೆ ಆರು ರೂಪಾಯಿ ಎಂಬ ದರವಿದ್ದಿತು. ಹಾಲಿ ಪೂರ್ತಿ ರದ್ದಾದದ್ದು 1959ರಲ್ಲಿ. ಆದರೂ ವಟ್ಟ ಕೊಟ್ಟರೆ ಹಣ ಬದಲಿಸಿಕೊಳ್ಳುವ ದಾರಿಯಿದ್ದಿತು. ಇಂದಿನ ಮೊಬೈಲಿನ ಅಂಗಡಿಯಲ್ಲಿ ಆ ದಾರಿಯೂ ಇಲ್ಲ.

ನಮ್ಮ ಕಥೆಯನ್ನು ಕೇಳಿರಿ. ಮಸ್ಕತ್ತಿಗೆ ಹೊರಟಾಗ ತಾಯಿಯವರನ್ನು ಇಲ್ಲಿ ತಮ್ಮನ ಬಳಿ ಬಿಟ್ಟೆವು. ಅವರಿಗೆ ಕಣ್ಣು ಮಂಜು. ನಮ್ಮ ಖಾತೆಯಲ್ಲಿ ಕೊಂಡ ಕನ್ನಡ ಪುಸ್ತಕಗಳನ್ನು ಟ್ಯಾಬ್ಲೆಟ್ಟಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಿದ್ದರು. ಸುತ್ತೆಲ್ಲ ಮರಾಠಿಯಿರುವ ಊರಿನಲ್ಲಿ ಅದೇ ಅವರ ತವರು. ಅಲ್ಲಿ ಹೋದ ಮೇಲೆ ಆ ದೇಶದ ಒಂದು ಆ್ಯಪ್ ಬೇಕೆಂದು, ಹಿಂದುಮುಂದು ನೋಡದೆ, ಖಾತೆಯ ದೇಶವನ್ನು ಬದಲಿಸಿಬಿಟ್ಟೆವು. ಕುಟುಂಬದ ಗುಂಪು ಒಡೆಯಿತು. ಮರುದಿನ ತಾಯಿಯವರ ಫೋನು: "ಏನಪ್ಪಾ, ನನ್ನ ಪುಸ್ತಕಗಳೆಲ್ಲ ಎಲ್ಲಿ ಹೋದವು?"

ಬೇರೆ ಖಾತೆ ತೆರೆದು ಕೊಂಡುಕೊಡೋಣವೆಂದರೆ, ಖರ್ಚುಳಿಸಲು ಇಲ್ಲಿಯ ಮೊಬೈಲ್ ನಂಬರಿಗೆ ರೀಚಾರ್ಜ್ ಮಾಡಿಸದೆ ಬಿಟ್ಟಿದ್ದೆವು. ನಂಬರು ಹೋಯಿತು, ಬ್ಯಾಂಕಿನ ಓಟಿಪಿ ಬಾರದಾಯಿತು, ಕಾರ್ಡು ಇದ್ದೂ ಇಲ್ಲದಂತಾಯಿತು. ರಜೆಯ ಮೇಲೆ ಬರುವವರೆಗೆ ಐದು ತಿಂಗಳು ಹೀಗೆಯೇ ಕಳೆಯಿತು. ತಪ್ಪು ನಮ್ಮ ಆತುರದ್ದು. ಆ ಐದು ತಿಂಗಳು ಈ ವಾಚನಾಲಯದವರು ದಪ್ಪಕ್ಷರದ ಪುಸ್ತಕಗಳನ್ನು ಹುಡುಕಿ ವಾರವಾರವೂ ತಾಯಿಯವರಿಗೆ ಮುಟ್ಟಿಸಿದರು. ಆ ಋಣ ನೆನೆದೇ ಇಂದು ತಮ್ಮ ಮುಂದೆ ನಿಂತಿದ್ದೇವೆ.

ಹೊರಡುವವರು ತಿಳಿದಿರಬೇಕಾದುದು ಇಷ್ಟು. ಗೂಗಲ್ ಪ್ಲೇ ಅಂಗಡಿಯಲ್ಲಿ ದೇಶವನ್ನು ವರ್ಷಕ್ಕೆ ಒಂದೇ ಸಲ ಬದಲಿಸಬಹುದು. ಹೊಸ ದೇಶದಲ್ಲಿದ್ದು, ಅಲ್ಲಿಯ ಕಾರ್ಡು ಮೊದಲಾದುದನ್ನು ಕೊಡಬೇಕು. ಹಳೆಯ ದೇಶದ ಖಾತೆಯಲ್ಲಿ ಉಳಿದ ಹಣ ಹೊಸದರಲ್ಲಿ ನಡೆಯದು. ಕುಟುಂಬದ ಗುಂಪಿನವರೆಲ್ಲ ಒಂದೇ ದೇಶದವರಾಗಿರತಕ್ಕದ್ದು. ಆ್ಯಪಲ್ ಅಂಗಡಿಯಲ್ಲಿಯಾದರೆ ಉಳಿದ ಹಣವನ್ನು ಮೊದಲು ಖರ್ಚುಮಾಡಿ, ಚಂದಾಗಳನ್ನು ನಿಲ್ಲಿಸಿ ಅವುಗಳ ಅವಧಿ ತೀರಿದ ಮೇಲೆಯೇ ಬದಲಿಸಬೇಕು. ಕೊಂಡ ಪುಸ್ತಕವೂ ಹಾಡೂ ಹೊಸ ದೇಶದ ಅಂಗಡಿಯಲ್ಲಿ ಇಲ್ಲದೆ ಹೋಗಬಹುದು. ಆದುದರಿಂದ ಮೊದಲೇ ಇಳಿಸಿಟ್ಟುಕೊಳ್ಳಿರಿ. ಮನೆಯಲ್ಲಿ ಉಳಿಯುವ ಹಿರಿಯರಿಗೆ ಅವರದೇ ಹೆಸರಿನಲ್ಲಿ ಖಾತೆ ಮಾಡಿಸಿ, ಅವರ ಪುಸ್ತಕಗಳನ್ನು ಅದರಲ್ಲಿಯೇ ಕೊಳ್ಳಿರಿ.

ಇನ್ನು ಚಂದಾದ ಮಾತು. ಆ್ಯಪನ್ನು ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಖಾತೆಯ ಪಟ್ಟಿಗೆ ಹೋಗಿ ಒಂದೊಂದನ್ನೇ ನಿಲ್ಲಿಸಬೇಕು. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಪೂರ್ತಿ ಜಾರಿಗೆ ಬಂದ ಮೇಲೆ, ತಾನಾಗಿ ಹಣ ಕಡಿತವಾಗುವ 24 ಗಂಟೆ ಮೊದಲು ಬ್ಯಾಂಕು ತಿಳಿಸುತ್ತದೆ. ಆ ಸೂಚನೆ ಬರುವ ನಂಬರು ಜೀವಂತವಾಗಿದ್ದರಲ್ಲವೇ ನಮಗೆ ಗೊತ್ತಾಗುವುದು?

ಕೊನೆಯದು ಬ್ಯಾಂಕು. ಪರದೇಶದಲ್ಲಿ ನೆಲಸುವವರು ಇಲ್ಲಿಯ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಖಾತೆಯಾಗಿ ಮಾಡಿಸಬೇಕೆಂದು ಕಾಯಿದೆಯಿದೆ. 2023ರ ಜನವರಿಯಲ್ಲಿ ಹತ್ತು ದೇಶಗಳ ಮೊಬೈಲ್ ನಂಬರಿನ ಮೇಲೆಯೇ ಎನ್‌ಆರ್‌ಇ, ಎನ್‌ಆರ್‌ಓ ಖಾತೆಗಳಿಂದ ಯುಪಿಐ ನಡೆಸಲು ಅನುಮತಿ ದೊರೆಯಿತು; ಓಮಾನ್, ಕತಾರ್, ಸೌದಿ ಅರೇಬಿಯ, ಯುಎಇ, ಅಮೆರಿಕ, ಇಂಗ್ಲೆಂಡುಗಳು ಆ ಪಟ್ಟಿಯಲ್ಲಿವೆ. ತಮ್ಮ ಬ್ಯಾಂಕು ಈ ಸೌಕರ್ಯ ಕೊಡುವುದೇ ಎಂದು ಹೊರಡುವ ಮುನ್ನ ವಿಚಾರಿಸಿರಿ.

ಮಕ್ಕಳು ಹೊರಡುವ ಸಡಗರದಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟುವುದು ಯಾರಿಗೂ ಮರೆಯುವುದಿಲ್ಲ. ಜೊತೆಗೆ ಅರ್ಧ ಗಂಟೆ ಕುಳಿತು ಈ ಲೆಕ್ಕವನ್ನೂ ನೋಡಿಕೊಳ್ಳಲಿ. ಭಾನುವಾರ ಸಂಜೆ ನಾವು ಇಲ್ಲಿಯೇ ಇರುತ್ತೇವೆ. ಫೋನು ತಂದರೆ ಜೊತೆಗೆ ಕುಳಿತು ಪಟ್ಟಿ ಮಾಡೋಣ. ತಾಯಿಯವರ ಟ್ಯಾಬ್ಲೆಟ್ಟಿನಲ್ಲಿ ಈಗ ಅವರದೇ ಖಾತೆಯಿದೆ. ಆದರೂ ವಾರಕ್ಕೊಂದು ಪುಸ್ತಕಕ್ಕಾಗಿ ನಮ್ಮನ್ನು ಇಲ್ಲಿಗೆ ಅಟ್ಟುವುದನ್ನು ಅವರು ಬಿಟ್ಟಿಲ್ಲ.