ಕರೆಂಟು ಬಂತು, ಕಂಪ್ಯೂಟರು ಏಳಲಿಲ್ಲ



ಬೇಸಿಗೆಯ ಸಂಜೆ ಗಾಳಿ ಎದ್ದು, ಗುಡುಗಿ, ಕರೆಂಟು ಹೋಗುವುದು ನಮ್ಮ ಬಳ್ಳಾರಿ ಸೀಮೆಯಲ್ಲಿ ಎಲ್ಲರೂ ಕಂಡದ್ದೇ. ಸ್ವಲ್ಪ ಹೊತ್ತಿಗೆ ಕರೆಂಟು ಮರಳಿ ಬರುತ್ತದೆ. ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ. ಕಂಪ್ಯೂಟರು ಮಾತ್ರ ಗುಂಡಿಯನ್ನು ಎಷ್ಟು ಒತ್ತಿದರೂ ಮಿಸುಕುವುದಿಲ್ಲ. ಮರುದಿನ ಕಾಲೇಜಿನಲ್ಲಿ ಒಪ್ಪಿಸಬೇಕಾದ ಪ್ರಾಜೆಕ್ಟ್ ವರದಿ ಅದರೊಳಗೇ ಉಳಿದಿರುತ್ತದೆ.

ಆಗ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. "ಎಲ್ಲಾ ಸುಟ್ಟುಹೋಯಿತು, ಹೊಸದನ್ನೇ ತರಬೇಕು" ಎಂಬುದು ಒಂದು. "ಎಲ್ಲವನ್ನೂ ಬಿಚ್ಚಿ ನೋಡಿಬಿಡೋಣ" ಎಂಬುದು ಇನ್ನೊಂದು. ಮೊದಲನೆಯದರಿಂದ ಹಣ ವ್ಯರ್ಥವಾಗಬಹುದು. ಎರಡನೆಯದರಿಂದ ಜೀವಕ್ಕೇ ಅಪಾಯ ಒದಗಬಹುದು. ಇವೆರಡಕ್ಕೂ ನಡುವೆ ಮೂರನೆಯ ದಾರಿಯೊಂದಿದೆ. ದೋಷವನ್ನು ವರಸೆಯಾಗಿ ಹುಡುಕುವುದೇ ಆ ದಾರಿ. ಇಂದು ಅದರ ಬಗ್ಗೆ ಕೆಲವು ವಿಚಾರಗಳನ್ನು ಹೇಳಬಯಸುತ್ತೇನೆ.

ದೂರದರ್ಶನದ ಸ್ಟುಡಿಯೋದಲ್ಲಿ ಚಿತ್ರ ಬಾರದಿದ್ದರೆ ನಾವು ಮಾನಿಟರನ್ನು ತಟ್ಟುತ್ತಾ ಕೂರುವುದಿಲ್ಲ. ಕ್ಯಾಮೆರಾದಿಂದ ಹೊರಟು ಕೇಬಲ್, ಆಮೇಲೆ ಮಿಕ್ಸರ್, ಕಡೆಗೆ ಮಾನಿಟರ್, ಹೀಗೆ ಒಂದೊಂದೇ ಕೊಂಡಿಯನ್ನು ನೋಡುತ್ತಾ ಬರುತ್ತೇವೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುತ್ತೇವೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ದೋಷ ಯಾವುದರಲ್ಲಿತ್ತೆಂದು ತಿಳಿಯುವುದೇ ಇಲ್ಲ. ನಿಮ್ಮ ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೆ?

ಮೊದಲು ಕರೆಂಟು ಕಂಪ್ಯೂಟರಿನೊಳಗೆ ಹೋಗುವ ಬಗೆಯನ್ನು ತಿಳಿಯೋಣ. ಗೋಡೆಯ ಪ್ಲಗ್ಗಿನಲ್ಲಿ ದೊರೆಯುವುದು 230 ವೋಲ್ಟ್, 50 ಹರ್ಟ್ಸ್‌ನ ಎ.ಸಿ. ವಿದ್ಯುತ್ತು. ಕಂಪ್ಯೂಟರಿಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟ್‌ಗಳ ಡಿ.ಸಿ. ವಿದ್ಯುತ್ತು. ಈ ಪರಿವರ್ತನೆಯನ್ನು ಮಾಡುವುದು ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಕೂತಿರುವ ತಗಡಿನ ಪೆಟ್ಟಿಗೆ. ಅದನ್ನೇ ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ಅದು ಎ.ಸಿ.ಯನ್ನು ಮೊದಲು ಸುಮಾರು 320 ವೋಲ್ಟಿನ ಡಿ.ಸಿ.ಯನ್ನಾಗಿ ಮಾಡಿಕೊಳ್ಳುತ್ತದೆ. 230ನ್ನು 1.414ರಿಂದ ಗುಣಿಸಿದರೆ ಈ ಅಂಕಿ ಎಲ್ಲಿಂದ ಬಂತೆಂದು ನಿಮಗೇ ಗೊತ್ತಾಗುತ್ತದೆ. ಬಳಿಕ ಟ್ರಾನ್ಸಿಸ್ಟರುಗಳು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸುತ್ತವೆ. ಆವರ್ತನ ಹೆಚ್ಚಾದಷ್ಟೂ ಟ್ರಾನ್ಸ್‌ಫಾರ್ಮರು ಚಿಕ್ಕದಾದರೆ ಸಾಕು. ಆದ್ದರಿಂದಲೇ ಅಂಗೈಯಲ್ಲಿ ಹಿಡಿಸುವಂಥ ಟ್ರಾನ್ಸ್‌ಫಾರ್ಮರು ಕೆಲವು ನೂರು ವಾಟ್‌ಗಳನ್ನು ನಿಭಾಯಿಸಬಲ್ಲದು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಆ 320 ವೋಲ್ಟನ್ನು ಹಿಡಿದಿಡುವ ಕೆಪಾಸಿಟರು ಪ್ಲಗ್ಗು ಕಿತ್ತ ಮೇಲೂ ವಿದ್ಯುತ್ತನ್ನು ಉಳಿಸಿಕೊಂಡಿರಬಹುದು. ಕಂಪ್ಯೂಟರಿನ ಕ್ಯಾಬಿನೆಟ್ಟನ್ನು, ಪ್ಲಗ್ಗು ಕಿತ್ತ ನಂತರ, ನೀವು ತೆರೆಯಬಹುದು. ಆದರೆ ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಎಂದಿಗೂ ತೆರೆಯಕೂಡದು. ಅದು ಕೆಟ್ಟಿದ್ದರೆ ಇಡಿಯಾಗಿ ಬದಲಾಯಿಸುವುದೇ ಕ್ಷೇಮ.

ಈಗ ಹುಡುಕಾಟವನ್ನು ಗೋಡೆಯಿಂದ ಪ್ರಾರಂಭಿಸೋಣ. ಅದೇ ಪ್ಲಗ್ಗಿಗೆ ಟೇಬಲ್ ಲ್ಯಾಂಪನ್ನು ಹಾಕಿ ನೋಡಿ. ಹತ್ತಿದರೆ ಗೋಡೆಯಲ್ಲಿ ದೋಷವಿಲ್ಲ. ಮುಂದೆ ಎಕ್ಸ್‌ಟೆನ್ಷನ್ ಬೋರ್ಡು, ಅದರ ಫ್ಯೂಸು, ಯು.ಪಿ.ಎಸ್. ಮತ್ತು ಕಂಪ್ಯೂಟರಿಗೆ ಹೋಗುವ ವಯರು. ಯು.ಪಿ.ಎಸ್.ನ್ನು ಬಿಟ್ಟು ನೇರವಾಗಿ ಗೋಡೆಗೆ ಜೋಡಿಸಿದಾಗ ಕಂಪ್ಯೂಟರು ಎದ್ದರೆ ದೋಷ ಯು.ಪಿ.ಎಸ್.ನಲ್ಲಿ ಇತ್ತೆಂದಾಯಿತು. ಎಸ್.ಎಂ.ಪಿ.ಎಸ್.ನ ಹಿಂದೆ ಚಿಕ್ಕ ಸ್ವಿಚ್ಚೊಂದು ಇರುತ್ತದೆ. ಮನೆಯವರು ಒರೆಸುವಾಗ ಅದು ಆಫ್ ಆಗಿದ್ದುಂಟು. ಹಳೆಯ ಪೆಟ್ಟಿಗೆಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ಚೂ ಇರುತ್ತದೆ. ಅದು 230ರಲ್ಲಿಯೇ ಇರಬೇಕು. 115ಕ್ಕೆ ತಳ್ಳಿ ನಮ್ಮ ಕರೆಂಟು ಕೊಟ್ಟರೆ ಪೆಟ್ಟಿಗೆ ಸಿಡಿಯುತ್ತದೆ.

ಹೊರಗಿನದೆಲ್ಲ ಸರಿಯಾಗಿದ್ದರೆ ಎಸ್.ಎಂ.ಪಿ.ಎಸ್.ನ ಸರದಿ. ಸುಟ್ಟ ವಾಸನೆ ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಮತ್ತೆ ಕರೆಂಟು ಕೊಡಬೇಡಿ. ವಾಸನೆ ಇಲ್ಲದಿದ್ದರೆ ಒಂದು ಪರೀಕ್ಷೆಯಿದೆ. ಇದನ್ನು ತಿಳಿದವರ ಅಥವಾ ನಿಮ್ಮ ಮೇಷ್ಟರ ಎದುರಿನಲ್ಲಿಯೇ ಮಾಡಬೇಕು. ಪ್ಲಗ್ಗು ಕಿತ್ತು, ಎಸ್.ಎಂ.ಪಿ.ಎಸ್.ನಿಂದ ಬರುವ ಎಲ್ಲ ಜೋಡಣೆಗಳನ್ನೂ ಬಿಡಿಸಿ. ಅಗಲವಾದ 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವಯರು ಒಂದೇ ಇರುತ್ತದೆ. ಅದನ್ನೂ ಪಕ್ಕದ ಯಾವುದಾದರೊಂದು ಕಪ್ಪು ವಯರನ್ನೂ ಚಿಕ್ಕ ತಂತಿಯಿಂದ ಸೇರಿಸಿ, ಆಮೇಲೆ ಪ್ಲಗ್ಗು ಹಾಕಬೇಕು. ಪೆಟ್ಟಿಗೆಯ ಫ್ಯಾನು ತಿರುಗಿದರೆ ಅದು ಪೂರ್ತಿ ಸತ್ತಿಲ್ಲ. ಹೊಸ ಮಾದರಿಯ ಕೆಲವು ಪೆಟ್ಟಿಗೆಗಳಲ್ಲಿ ಬಿಸಿಯಾಗುವ ತನಕ ಫ್ಯಾನು ತಿರುಗುವುದಿಲ್ಲವೆಂಬುದನ್ನೂ ನೆನಪಿಡಿ. ವಯರುಗಳೆಲ್ಲ ಕಪ್ಪಾಗಿದ್ದರೆ ಊಹಿಸಿ ಸೇರಿಸಬಾರದು.

ಫ್ಯಾನು ತಿರುಗಿದ ಮಾತ್ರಕ್ಕೆ ಎಸ್.ಎಂ.ಪಿ.ಎಸ್. ಆರೋಗ್ಯವಾಗಿದೆ ಎನ್ನುವಂತಿಲ್ಲ. ಮಲ್ಟಿಮೀಟರಿನಲ್ಲಿ ಹಳದಿ ವಯರು 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47 ವೋಲ್ಟಿನೊಳಗೆ ತೋರಿಸಬೇಕು. ಅಂದರೆ ನೂರಕ್ಕೆ ಐದರಷ್ಟು ಮಾತ್ರ ಹೆಚ್ಚುಕಡಿಮೆ ಇರಬಹುದು. ಹೊರೆಯಿಲ್ಲದಾಗ ಸರಿಯಾಗಿ ತೋರಿಸಿ, ಹೊರೆ ಬಿದ್ದಾಗ ಕುಸಿಯುವ ಪೆಟ್ಟಿಗೆಗಳೂ ಉಂಟು. ಆದ್ದರಿಂದ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆಯೆಂದರೆ, ಚೆನ್ನಾಗಿ ಕೆಲಸ ಮಾಡುತ್ತಿರುವ ಇನ್ನೊಂದು ಎಸ್.ಎಂ.ಪಿ.ಎಸ್.ನ್ನು ಜೋಡಿಸಿ ನೋಡುವುದು.

ಹೊಸ ಪೆಟ್ಟಿಗೆ ಹಾಕಿದರೂ ಪರದೆ ಕಪ್ಪಗೇ ಇದ್ದರೆ? ಎದೆಗುಂದಬೇಡಿ. ಮೊದಲು ಪ್ರೊಸೆಸರಿನ ಬಳಿ 4 ಅಥವಾ 8 ಪಿನ್ನಿನ ಪ್ರತ್ಯೇಕ ಕನೆಕ್ಟರನ್ನು ಹಾಕಿದ್ದೀರಾ ಎಂದು ನೋಡಿ. ಅದನ್ನು ಮರೆತರೆ ಫ್ಯಾನು ತಿರುಗುತ್ತದೆ, ಚಿತ್ರ ಬರುವುದಿಲ್ಲ. ಅದೂ ಸರಿಯಿದ್ದರೆ ಪ್ಲಗ್ಗು ಕಿತ್ತು, ಹಾರ್ಡ್ ಡಿಸ್ಕು ಮತ್ತು ಹೆಚ್ಚುವರಿ ಕಾರ್ಡುಗಳನ್ನು ಬಿಡಿಸಿ. ಮದರ್‌ಬೋರ್ಡು, ಪ್ರೊಸೆಸರು, ಅದರ ಫ್ಯಾನು, ಒಂದೇ ಒಂದು ರ‍್ಯಾಮ್ ಇಷ್ಟನ್ನೇ ಉಳಿಸಿಕೊಂಡು ಪರೀಕ್ಷಿಸಿ. ಆ ರ‍್ಯಾಮನ್ನೂ ತೆಗೆದು ಚಾಲೂ ಮಾಡಿದಾಗ ಬೋರ್ಡಿನ ಚಿಕ್ಕ ಸ್ಪೀಕರು ಬೀಪ್ ಎಂದು ಕೂಗಿದರೆ ಅದು ಒಳ್ಳೆಯ ಸುದ್ದಿ. ರ‍್ಯಾಮ್ ಇಲ್ಲವೆಂದು ದೂರು ಹೇಳಲು ಬೋರ್ಡಿಗೂ ಪ್ರೊಸೆಸರಿಗೂ ಜೀವವಿದೆ ಎಂದಾಯಿತು. ಅಲ್ಲಿಂದ ಮುಂದೆ, ಪ್ರತಿ ಸಲವೂ ಪ್ಲಗ್ಗು ಕಿತ್ತು, ಒಂದೊಂದೇ ಭಾಗವನ್ನು ಸೇರಿಸುತ್ತಾ ಹೋಗಿ. ಯಾವುದನ್ನು ಸೇರಿಸಿದಾಗ ಕಂಪ್ಯೂಟರು ಮತ್ತೆ ಮಲಗುತ್ತದೆಯೋ ಅದೇ ಅಪರಾಧಿ. ಕಂಪ್ಯೂಟರು ಎದ್ದ ಮೇಲೆ ಗಡಿಯಾರ ಹಳೆಯ ತಾರೀಕನ್ನು ತೋರಿಸುತ್ತಿದ್ದರೆ, ಬೋರ್ಡಿನ ಮೇಲಿರುವ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಮುಗಿದಿದೆಯೆಂದು ತಿಳಿಯಿರಿ.

ಮಿತ್ರರೆ, ಕೆಟ್ಟ ಎಸ್.ಎಂ.ಪಿ.ಎಸ್.ಗೆ ಬದಲಿ ಅಂಗಡಿಯಲ್ಲಿ ದೊರೆಯುತ್ತದೆ. ನೀವು ತಿಂಗಳುಗಟ್ಟಲೆ ಬರೆದ ವರದಿಗೆ ಬದಲಿ ಎಲ್ಲಿಯೂ ದೊರೆಯದು. ಆದುದರಿಂದ ಡಿಸ್ಕನ್ನು ಹೊರತೆಗೆದು, ಸೂಕ್ತ ಅಡಾಪ್ಟರಿನ ಮೂಲಕ ಬೇರೊಂದು ಒಳ್ಳೆಯ ಕಂಪ್ಯೂಟರಿಗೆ ಜೋಡಿಸಿ, ಮೊದಲು ಕಡತಗಳ ಪ್ರತಿ ಮಾಡಿಕೊಳ್ಳಿ. ದುರಸ್ತಿಯ ತಂತ್ರಾಂಶಗಳನ್ನೆಲ್ಲ ಆಮೇಲೆ ಓಡಿಸಬಹುದು. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬಂದರೆ ಕೂಡಲೇ ಆಫ್ ಮಾಡಿ, ತಜ್ಞರಿಗೆ ಒಪ್ಪಿಸಿ. ಇನ್ನೊಂದು ಮಾತು: ವಯರುಗಳನ್ನು ಪೆಟ್ಟಿಗೆಯಿಂದ ಕಳಚಬಹುದಾದ ಎಸ್.ಎಂ.ಪಿ.ಎಸ್. ಕೊಂಡಾಗ ಹಳೆಯದರ ವಯರುಗಳನ್ನು ಹೊಸದಕ್ಕೆ ಹಾಕಬೇಡಿ. ಹೊಂದಿಕೊಂಡಂತೆ ಕಂಡರೂ ಒಳಗಿನ ಜೋಡಣೆ ಬೇರೆಯಾಗಿರಬಹುದು. ಉಳಿದುಕೊಂಡಿದ್ದ ಡಿಸ್ಕೂ ಅದರಿಂದ ಸುಡಬಹುದು.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಹಳೆಯ ಪೆಟ್ಟಿಗೆ ಏಕೆ ಕೆಟ್ಟಿತು? ಈ ಪ್ರಶ್ನೆಗೆ ಉತ್ತರ ಹುಡುಕದಿದ್ದರೆ ಹೊಸದಕ್ಕೂ ಅದೇ ಗತಿ.

ಬಳ್ಳಾರಿಯ ಸಮೀಪ ಕುಡಿತಿನಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಆದರೆ ಅಲ್ಲಿ ಹುಟ್ಟಿದ ವಿದ್ಯುತ್ತು ನೇರವಾಗಿ ನಮ್ಮ ಮನೆಗೆ ಬರುವುದಿಲ್ಲ. ರಾಜ್ಯದ ಗ್ರಿಡ್‌ಗೆ ಸೇರುತ್ತದೆ. ಮನೆಯ ವೋಲ್ಟೇಜು ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರು ಮತ್ತು ತಂತಿಯ ಸ್ಥಿತಿಯನ್ನು ಅವಲಂಬಿಸಿರುತ್ತದೆ. ಸಿರುಗುಪ್ಪ ಭತ್ತದ ನಾಡು. ಅಕ್ಕಿ ಗಿರಣಿ, ಪಂಪ್‌ಸೆಟ್ಟುಗಳ ಮೋಟಾರುಗಳು ಚಾಲೂ ಆಗುವಾಗ ಬಹಳ ಕರೆಂಟನ್ನು ಎಳೆಯುತ್ತವೆ. ಅದೇ ಲೈನಿನಲ್ಲಿರುವ ಮನೆಗಳಲ್ಲಿ ದೀಪ ಮಂಕಾಗುತ್ತದೆ. 150 ವಾಟ್ ಬಯಸುವ ಎಸ್.ಎಂ.ಪಿ.ಎಸ್. 230 ವೋಲ್ಟಿನಲ್ಲಿ ಸುಮಾರು 0.65 ಆಂಪಿಯರ್ ಎಳೆಯುತ್ತದೆ. ವೋಲ್ಟೇಜು 160ಕ್ಕೆ ಇಳಿದರೆ ಅಷ್ಟೇ ಕೆಲಸಕ್ಕೆ 0.94 ಆಂಪಿಯರ್ ಬೇಕು. ಕರೆಂಟು ಹೆಚ್ಚಿದಂತೆ ಬಿಸಿಯೂ ಹೆಚ್ಚುತ್ತದೆ.

ಬಿಸಿಯೆಂದರೆ ಬಳ್ಳಾರಿಗೆ ಹೇಳಬೇಕೆ? ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಉಷ್ಣತೆ 10 ಡಿಗ್ರಿ ಏರಿದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಎಂಜಿನಿಯರುಗಳ ಲೆಕ್ಕ. ಧೂಳು ಮೆತ್ತಿದ ಫ್ಯಾನು ಆ ಬಿಸಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಕ್ಯಾಬಿನೆಟ್ಟಿನ ಹಿಂದೆ ಗೇಣುದ್ದ ಜಾಗ ಬಿಡುವುದು, ಧೂಳನ್ನು ಆಗಾಗ್ಗೆ ತೆಗೆಯುವುದು ಖರ್ಚಿಲ್ಲದ ಚಿಕಿತ್ಸೆ.

ಇನ್ನು ಅರ್ಥಿಂಗ್. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಅಲಂಕಾರಕ್ಕೆ ಇಟ್ಟದ್ದಲ್ಲ. ಇದ್ದಿಲು, ಉಪ್ಪು ಹಾಕಿದ ಅರ್ಥಿಂಗ್ ಗುಂಡಿ ಒದ್ದೆಯಾಗಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಕುರುಗೋಡಿನಂತೆ ಬೆಟ್ಟದ ಬುಡದಲ್ಲಿರುವ ಊರಿನ ಕಲ್ಲುನೆಲದಲ್ಲಿ ಒಳ್ಳೆಯ ಅರ್ಥಿಂಗ್ ಪಡೆಯುವುದೇ ಕಷ್ಟ. ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ. ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ. ಬೀದಿಯ ನ್ಯೂಟ್ರಲ್ ತಂತಿ ಕಡಿದರೆ ಕೆಲವು ಮನೆಗಳಿಗೆ 230ರ ಬದಲು 400 ವೋಲ್ಟಿನ ಹತ್ತಿರ ಹರಿಯಬಹುದು. ದೀಪಗಳು ಎಂದಿಗಿಂತ ಪ್ರಖರವಾಗಿ ಉರಿದರೆ ಮೇನ್ ಸ್ವಿಚ್ಚನ್ನು ಆಫ್ ಮಾಡಿ, ವಿದ್ಯುತ್ ಕಚೇರಿಗೆ ತಿಳಿಸಿ. ಗುಡುಗು ಮಿಂಚು ಶುರುವಾಗುವ ಮುನ್ನವೇ ಕಂಪ್ಯೂಟರಿನ ಪ್ಲಗ್ಗನ್ನು ಕೀಳಿ. ಇಂಟರ್‌ನೆಟ್ ಕೇಬಲ್ಲನ್ನೂ ಕೀಳಿ, ಅದು ತಾಮ್ರದ ತಂತಿಯಾದರೆ ಸಿಡಿಲಿನ ಹೊಡೆತ ಆ ದಾರಿಯಿಂದಲೂ ಬರಬಹುದು. ಯು.ಪಿ.ಎಸ್. ಇದ್ದರೆ ಒಳ್ಳೆಯದು. ಆದರೆ ಅದು ಕೊಡುವ ಕೆಲವು ನಿಮಿಷಗಳಿರುವುದು ಬರೆದದ್ದನ್ನು ಉಳಿಸಿ ಕಂಪ್ಯೂಟರನ್ನು ಕ್ರಮವಾಗಿ ನಿಲ್ಲಿಸಲಿಕ್ಕೇ ಹೊರತು ಆಟ ಮುಂದುವರಿಸಲಿಕ್ಕಲ್ಲ.

ಕೊನೆಯದಾಗಿ ಒಂದು ಸಲಹೆ. ಹುಡುಕಾಟಕ್ಕೆ ಕೂರುವಾಗ ಪಕ್ಕದಲ್ಲಿ ನೋಟ್ ಪುಸ್ತಕವೊಂದು ಇರಲಿ. ಏನನ್ನು ಬದಲಾಯಿಸಿದಿರಿ, ಏನಾಯಿತು ಎಂಬುದನ್ನು ಎರಡು ಕಾಲಂಗಳಲ್ಲಿ ಬರೆಯುತ್ತಾ ಹೋಗಿ. ಕಂಪ್ಯೂಟರು ನಿಮ್ಮ ಕೈಯಲ್ಲಿ ಎದ್ದರೆ ಸಂತೋಷ. ಏಳದಿದ್ದರೂ ಆ ಹಾಳೆಯನ್ನು ರಿಪೇರಿಯವರ ಮುಂದಿಟ್ಟರೆ ಅವರ ಅರ್ಧ ಕೆಲಸವನ್ನು ನೀವೇ ಮಾಡಿದಂತೆ. ಬೇಡದ ಭಾಗಕ್ಕೆ ಹಣ ತೆರುವುದೂ ತಪ್ಪುತ್ತದೆ. ಪಠ್ಯಪುಸ್ತಕದಲ್ಲಿ ಓದಿದ ವಿಜ್ಞಾನ ಮನೆಯ ಉಪಯೋಗಕ್ಕೆ ಬರುವುದು ಹೀಗೆಯೇ.