ನಾಲಗೆಯ ಪಾಠ

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನಿನ್ನೆಯ ಚರ್ಚೆಯಲ್ಲಿ ಒಬ್ಬರು, "ಅಧಿಕಾರಿಯ ಮುಂದೆ ಇಂಗ್ಲಿಷ್ ಮಾತು ಬಾಯಿಗೆ ಬಂದರೂ ಹೊರಗೆ ಬಿಡಲು ಅಂಜಿಕೆ, ತಪ್ಪಾದರೆ ನಗುತ್ತಾರೆ" ಎಂದರು. ನಿಮ್ಮಲ್ಲಿ ಅರ್ಧ ಜನ ತಲೆಯಾಡಿಸಿದಿರಿ. ಆದುದರಿಂದ ಇಂದು ಗೊತ್ತುಮಾಡಿದ್ದ ವಿಷಯವನ್ನು ಬದಿಗಿಟ್ಟು ಉಚ್ಚಾರಣೆಯ ಮಾತನ್ನೇ ಎತ್ತಿಕೊಂಡಿದ್ದೇವೆ. 1963ರ ಕಾಯಿದೆಯಂತೆ ರಾಜ್ಯದ ಆಡಳಿತ ಭಾಷೆ ಕನ್ನಡ. ಕಚೇರಿಯಲ್ಲಿ ಕನ್ನಡದಲ್ಲಿ ಮಾತನಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೂ ಇಂಗ್ಲಿಷ್ ಕಲಿಯಬೇಕೆಂಬವನು ಏಕೆ ಅಂಜಬೇಕು?

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ನಾವು ಮೇಷ್ಟರಾಗಿದ್ದಾಗ 'ಇಸ್ಕೂಲು' ಎಂದ ಹುಡುಗನೊಬ್ಬನನ್ನು ಬೆಂಚಿನ ಮೇಲೆ ನಿಲ್ಲಿಸಿದೆವು. ತರಗತಿಯೆಲ್ಲ ನಕ್ಕಿತು. ಆ ವರ್ಷವೆಲ್ಲ ಅವನು ಮತ್ತೆ ಗಟ್ಟಿಯಾಗಿ ಓದಲೇ ಇಲ್ಲ. ಅವನ ನಾಲಗೆಯಲ್ಲಿ ಯಾವ ದೋಷವೂ ಇರಲಿಲ್ಲ. ಶಬ್ದದ ಮೊದಲಲ್ಲೇ ಒತ್ತಕ್ಷರ ಬಂದರೆ ನಮ್ಮ ಹಳ್ಳಿಯ ಬಾಯಿ ಮುಂದೊಂದು ಸ್ವರವನ್ನು ಊರುಗೋಲಾಗಿ ಹಿಡಿಯುತ್ತದೆ. ಕೊನೆಯಲ್ಲಿ ವ್ಯಂಜನ ನಿಂತರೆ ಒಂದು 'ಉ' ಸೇರಿಸುತ್ತದೆ. ಬಸ್ಸು, ಕಾರು, ರೈಲು ನಮ್ಮವಾದುದೇ ಹಾಗೆ. ಸ್ಪೇನ್ ದೇಶದವರೂ ಶಾಲೆಗೆ 'ಎಸ್ಕ್ವೇಲ' ಎನ್ನುತ್ತಾರೆ. ಅವರನ್ನು ಯಾರೂ ಬೆಂಚು ಹತ್ತಿಸಲಿಲ್ಲ!

ಇದರಲ್ಲಿ ನಾಲಗೆಗಿಂತ ಕಿವಿಯ ಪಾಲು ಹೆಚ್ಚು. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು 1984ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಇಂಗ್ಲಿಷ್ ಮಾತಿನ ಮನೆಗಳ ಆರು-ಎಂಟು ತಿಂಗಳ ಕೂಸುಗಳು ಹಿಂದಿಯ 'ತ'-'ಟ' ಭೇದವನ್ನು ಗುರುತಿಸಿದುವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಇಳಿದಿತ್ತು. ಮನೆಯಲ್ಲಿ ಬೇಕಿಲ್ಲದ ಭೇದವನ್ನು ಕಿವಿ ಕೈಬಿಡುತ್ತದೆ. ನಮ್ಮ ಮಾತು ಕೇಳಿ ನಗುವ ಆಂಗ್ಲರಿಗೆ 'ಹಳ್ಳಿ' 'ಹಲ್ಲಿ' ಎರಡೂ ಒಂದೇ ಆಗಿ ಕೇಳಿಸುವುದು ಇದರಿಂದಲೇ.

ಈಗ ನಮ್ಮ ಕಿವಿಯ ಸರದಿ. ಬಾಯ ಮುಂದೆ ತೆಳು ಕಾಗದದ ಚೂರು ಹಿಡಿಯಿರಿ. ಆಂಗ್ಲನು 'ಪಿನ್' ಎಂದರೆ ಕಾಗದ ಅಲುಗುತ್ತದೆ, 'ಸ್ಪಿನ್' ಎಂದರೆ ಅಷ್ಟಾಗಿ ಅಲುಗುವುದಿಲ್ಲ. ಅವನ ಮೊದಲಕ್ಷರದಲ್ಲಿ ನಮ್ಮ ಮಹಾಪ್ರಾಣದಂತೆ ಉಸಿರು ಸೇರಿರುತ್ತದೆ. ನಾವು ಉಸಿರಿಲ್ಲದೆ 'ಪಿನ್' ಎಂದರೆ ಅವನಿಗೆ ಅದು 'ಬಿನ್' ಎಂದು ಕೇಳಿಸುವುದುಂಟು. ಅವನ 'ಟ'ಕಾರವೂ ನಮ್ಮದಲ್ಲ. ನಾವು ನಾಲಗೆಯನ್ನು ಹಿಂದಕ್ಕೆ ಮಡಿಸುತ್ತೇವೆ, ಅವನು ಮೇಲಿನ ಹಲ್ಲುಗಳ ಹಿಂದಿನ ಒಸಡಿನ ದಿಬ್ಬವನ್ನು ತುದಿಯಿಂದ ಮುಟ್ಟುತ್ತಾನೆ. ನಮ್ಮ ಒಂದೇ 'ವ' ಇರುವೆಡೆ ಅವನಿಗೆ ಎರಡಿವೆ: 'ವ್ಯಾನ್' ಎನ್ನುವಾಗ ಕೆಳದುಟಿಗೆ ಮೇಲಿನ ಹಲ್ಲು ತಾಗಬೇಕು, 'ವಾಚ್' ಎನ್ನುವಾಗ ಹಲ್ಲಿಗೆ ಕೆಲಸವಿಲ್ಲ, ತುಟಿ ದುಂಡಗಾಗಬೇಕು. 'ಜ಼ೂ' ಎನ್ನಲು ಬರದಿದ್ದರೆ ಹಾವಿನಂತೆ 'ಸ್‌ಸ್‌' ಎನ್ನುತ್ತ, ಗಂಟಲ ಮೇಲೆ ಬೆರಳಿಟ್ಟು, ಅಲ್ಲಿ ನಡುಕ ಹುಟ್ಟುವಂತೆ ದನಿ ಕೊಡಿ. ಸಾಕು.

ವಯಸ್ಸಾಯಿತು, ಇನ್ನು ಬಾರದು ಎನ್ನಬೇಡಿ. ಜಪಾನೀಯರಿಗೆ ಇಂಗ್ಲಿಷಿನ 'ರ' 'ಲ' ಬೇರ್ಪಡಿಸುವುದು ಬಹು ಕಷ್ಟ. ಒಬ್ಬರ ದನಿಯನ್ನಲ್ಲ, ಹಲವರ ದನಿಯನ್ನು ಕೇಳಿಸಿ, ತಪ್ಪಾದಾಗಲೆಲ್ಲ ಆಗಲೇ ತಿಳಿಸುತ್ತ ಬಂದರೆ ಬೆಳೆದವರ ಕಿವಿಯೂ ತಿದ್ದುತ್ತದೆಂದು 1991ರಲ್ಲಿ ಅಮೆರಿಕದಲ್ಲಿ ತೋರಿಸಿದರು. ಬೆಂಚು ಹತ್ತಿಸುವುದು ಅವರ ಕ್ರಮದಲ್ಲಿರಲಿಲ್ಲ.

ಊಟದ ಗಂಟೆಗೆ ಇನ್ನೂ ಹೊತ್ತಿದೆ. ಇಬ್ಬಿಬ್ಬರು ಎದುರುಬದುರು ಕುಳಿತುಕೊಳ್ಳಿ. ಹಳೆಯ ಕರಪತ್ರಗಳು ಬೇಕಾದಷ್ಟಿವೆ, ಒಂದೊಂದು ಚೂರು ಹರಿದುಕೊಳ್ಳಿ. ಮೊದಲು 'ಪಿನ್', ಆಮೇಲೆ 'ಸ್ಪಿನ್'.