ನಾಯಿಗೆ ಭೇದಿಯಾದಾಗ ಮನೆಯಲ್ಲಿ ಮಾಡತಕ್ಕದ್ದು

(ಚಾವಡಿಯಲ್ಲಿ ಗ್ರಾಮಸೇವಕರು ಆಡಿದ ಮಾತು)



ಈ ಸಂಜೆ ನಾಯಿಯ ವಿಷಯ ಮಾತಾಡುತ್ತೇನೆಂದು ಹೇಳಿ ಕಳಿಸಿದಾಗ ಹಿರಿಯರೊಬ್ಬರು ನಕ್ಕರು. "ಏನಪ್ಪಾ, ದನ, ಕುರಿ, ಕೋಳಿ ಎಲ್ಲಾ ಮುಗಿದು ಈಗ ನಾಯಿಗೆ ಬಂದೆಯಾ?" ಅಂದರು. ಹೌದು, ಬಂದೆ. ಕಣದಲ್ಲಿ ರಾಶಿ ಬಿದ್ದಾಗ ರಾತ್ರಿಯೆಲ್ಲಾ ಎದ್ದಿರುವುದು ಯಾರು? ಕುರಿಹಟ್ಟಿಗೆ ತೋಳ ಬಂದರೆ ಮೊದಲು ಕೂಗುವುದು ಯಾರು? ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದರೆ ನಮ್ಮನ್ನು ಎಬ್ಬಿಸುವುದು ಯಾರು? ಸಂಬಳವಿಲ್ಲದ ಈ ಕಾವಲುಗಾರ ಹೊಟ್ಟೆ ಕೆಟ್ಟು ಮಲಗಿದರೆ "ನಾಯಿ ತಾನೆ, ಹುಲ್ಲು ತಿಂದು ಸರಿಹೋಗುತ್ತದೆ" ಎಂದು ಸುಮ್ಮನಿರುತ್ತೇವೆ. ಎಷ್ಟೋ ಸಲ ಸರಿಹೋಗುವುದೂ ಉಂಟು. ಸರಿಹೋಗದ ಸಲ ಯಾವುದೆಂದು ಗುರುತಿಸುವುದೇ ಈ ದಿನದ ವಿಷಯ.

ನಾನು ಕೃಷಿ ಡಿಪ್ಲೊಮಾ ಓದಿದವನು, ಪಶುವೈದ್ಯನಲ್ಲ. ಆದರೆ ಈ ವಿಷಯದಲ್ಲಿ ನಾನು ತಪ್ಪು ಮಾಡಿ ಕಲಿತವನು. ನನಗೆ ಹದಿನಾಲ್ಕು ವರ್ಷವಿದ್ದಾಗ ನಮ್ಮ ಮನೆಗೆ ಮೂರು ತಿಂಗಳ ಒಂದು ಮರಿ ತಂದಿದ್ದೆವು. ಒಂದು ದಿನ ವಾಂತಿ ಹಿಡಿಯಿತು, ಮಾರನೆಯ ದಿನ ರಕ್ತ ಕೂಡಿದ ಭೇದಿ. ಅದರ ನಾತ ಹಿತ್ತಿಲೆಲ್ಲಾ ತುಂಬಿತ್ತು. ತಿಳಿದವರೊಬ್ಬರು "ನೀರು ಕೊಡಬೇಡ, ಕುಡಿದಷ್ಟೂ ಭೇದಿ ಹೆಚ್ಚುತ್ತದೆ" ಅಂದರು. ನಾನು ನೀರಿನ ಬಟ್ಟಲು ಎತ್ತಿಟ್ಟೆ. ಮನೆಯಲ್ಲಿದ್ದ, ಮನುಷ್ಯರ ಭೇದಿ ನಿಲ್ಲಿಸುವ ಗುಳಿಗೆಯನ್ನು ಅರ್ಧ ಮುರಿದು ಬೆಲ್ಲದಲ್ಲಿಟ್ಟು ನುಂಗಿಸಿದೆ. ಮೂರನೆಯ ದಿನ ಬೆಳಗಿನ ಜಾವ ಮರಿ ಹೋಯಿತು. ಎರಡು ತಿಂಗಳು ಬಿಟ್ಟು ಇನ್ನೊಂದು ಮರಿ ತಂದು ಅದೇ ಮೂಲೆಯಲ್ಲಿ, ಅದೇ ಗೋಣಿಚೀಲದ ಮೇಲೆ ಮಲಗಿಸಿದೆ. ಅದೂ ಹಾಗೆಯೇ ಹೋಯಿತು. ಆ ಮನೆಗೆ ನಾಯಿ ಆಗಿಬರುವುದಿಲ್ಲವೆಂದು ಊರವರು ಅಂದರು. ಆಗಿಬರದಿದ್ದದ್ದು ನನ್ನ ಅಜ್ಞಾನ. ಆ ಎರಡನೆಯ ಮರಿ ಯಾಕೆ ಸತ್ತಿತೆಂಬುದನ್ನು ಮುಂದೆ ಹೇಳುತ್ತೇನೆ.

ಭೇದಿಯಾದ ಪ್ರಾಣಿಯನ್ನು ಬಹಳ ಸಲ ಕೊಲ್ಲುವುದು ಮೈಯಿಂದ ಹೊರಟುಹೋಗುವ ನೀರು ಮತ್ತು ಉಪ್ಪು. ಮಕ್ಕಳ ವಿಷಯದಲ್ಲಿ ಇದು ನಮಗೆ ಗೊತ್ತು. ನಾಯಿಗೂ ಅದೇ ನಿಯಮ. ಆದ್ದರಿಂದ ನೀರು ನಿಲ್ಲಿಸಬೇಡಿ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಚಹದ ಚಮಚದಲ್ಲಿ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕದಡಿ. ಉಪ್ಪು ಅಳತೆ ಮೀರಬಾರದು. ಹೆಚ್ಚಾದರೆ ಅದೇ ಕೇಡು. ಆರೋಗ್ಯ ಕೇಂದ್ರದಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣವಿದ್ದರೆ ಇನ್ನೂ ಒಳ್ಳೆಯದು. ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಒಮ್ಮೆಲೇ ಬಟ್ಟಲು ತುಂಬ ಇಟ್ಟರೆ ಗಟಗಟ ಕುಡಿದು ಕಕ್ಕಿಬಿಡುತ್ತದೆ. ಸಾಧಾರಣ ಮೈಕಟ್ಟಿನ ನಾಯಿಗೆ ಅರ್ಧ ಗಂಟೆಗೊಮ್ಮೆ ನಾಲ್ಕೈದು ದೊಡ್ಡ ಚಮಚ, ಮರಿಗೆ ಹತ್ತು ನಿಮಿಷಕ್ಕೊಮ್ಮೆ ಒಂದು ಚಿಕ್ಕ ಚಮಚ, ಹೀಗೆ ಕೊಡಿ. ಪಕ್ಕದಲ್ಲಿ ಬರೀ ನೀರೂ ಸ್ವಲ್ಪ ಇರಲಿ. ಕುಡಿಯಲು ಒಲ್ಲದ ನಾಯಿಗೆ ತಲೆ ಮೇಲಕ್ಕೆತ್ತಿ ಗಂಟಲಿಗೆ ಸುರಿಯಬೇಡಿ, ನೀರು ಶ್ವಾಸಕೋಶಕ್ಕೆ ಇಳಿದೀತು. ದವಡೆಯ ಪಕ್ಕದ ಸಂದಿನಲ್ಲಿ ತೊಟ್ಟು ತೊಟ್ಟಾಗಿ ಬಿಡಿ.

ಇಲ್ಲಿ ಒಂದು ಎಚ್ಚರಿಕೆ. ನಾಯಿ ಜೊಲ್ಲು ಸುರಿಸುತ್ತಾ, ನುಂಗಲಾರದೆ, ಕೆಳದವಡೆ ಜೋತುಬಿದ್ದು, ಕೂಗು ಬದಲಾಗಿ, ಮನೆಯವರನ್ನೇ ಗುರುತಿಸದಂತೆ ಆಡುತ್ತಿದ್ದರೆ ಅದರ ಬಾಯಿಗೆ ಕೈ ಹಾಕಲೇಬೇಡಿ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಹುಚ್ಚುನಾಯಿಯ ಬಾಯಿಗೆ ಕೈ ಹಾಕುವವರಿದ್ದಾರೆ. ಕಚ್ಚಿದರೆ, ಅಥವಾ ಗಾಯಕ್ಕೆ ಜೊಲ್ಲು ತಾಗಿದರೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಸೂಜಿಮದ್ದು ಹಾಕಿಸಿಕೊಳ್ಳಿ. ಕಾಯಿಲೆ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ.

ಇನ್ನು ಊಟ. ಬೆಳೆದ ನಾಯಿ ಹಬ್ಬದ ಎಂಜಲೋ, ಹಳಸಿದ ಸಾರೋ, ಸತ್ತ ಕೋಳಿಯೋ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದರೆ ಒಂದು ಹೊತ್ತು ಊಟ ಬಿಡಿಸಿದರೆ ತಪ್ಪಿಲ್ಲ. ಮರಿಗಳನ್ನು ಮಾತ್ರ ಉಪವಾಸ ಕೆಡವಬಾರದು. ಆಮೇಲೆ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಎಣ್ಣೆ ಮಸಾಲೆಯಿಲ್ಲದೆ ಬೇಯಿಸಿದ ಕೋಳಿಮಾಂಸವನ್ನೋ ಮೊಟ್ಟೆಯನ್ನೋ ಸ್ವಲ್ಪ ಕಿವುಚಿ, ದಿನಕ್ಕೆ ನಾಲ್ಕೈದು ಸಲ ಒಂದೊಂದು ಹಿಡಿ ಹಾಕಿ. ಮಾಂಸ ತಿನ್ನದ ಮನೆಯವರು ಅನ್ನಕ್ಕೆ ಹುಳಿಯಿಲ್ಲದ ಮೊಸರು ಸ್ವಲ್ಪ ಕಲಸಬಹುದು. ಹಾಲು ಬೇಡ, ಬೆಳೆದ ನಾಯಿಗಳಲ್ಲಿ ಹಲವಕ್ಕೆ ಅದು ಅರಗದೆ ಭೇದಿ ಹೆಚ್ಚುತ್ತದೆ. ಈರುಳ್ಳಿ ಹಾಕಿದ ಸಾರಿನ ಅನ್ನವಂತೂ ಬೇಡ, ಈರುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತದೆ. ಭೇದಿ ಗಟ್ಟಿಯಾದ ಮೇಲೂ ಎರಡು ಮೂರು ದಿನ ಇದೇ ಪಥ್ಯವಿದ್ದು, ನಿಧಾನವಾಗಿ ಮಾಮೂಲು ಮುದ್ದೆಗೆ ಬರಲಿ.

ಮನುಷ್ಯರ ಗುಳಿಗೆ ಯಾವುದೂ ಬೇಡ. ಮೈಕೈ ನೋವಿಗೆ ನಾವು ನುಂಗುವ ಗುಳಿಗೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸೋರಿಸುತ್ತವೆ.

ಮನೆ ಮದ್ದು ಎಲ್ಲಿಯವರೆಗೆ? ನಾಯಿ ಎದ್ದು ಓಡಾಡುತ್ತಾ, ಕರೆದರೆ ಬಾಲ ಅಲ್ಲಾಡಿಸುತ್ತಾ ಇದ್ದರೆ ಎರಡು ದಿನ ನೋಡಬಹುದು. ಭುಜದ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಡಿ. ತಟ್ಟನೆ ಕೂತರೆ ಸರಿ. ಗುಡಾರದಂತೆ ನಿಂತು ನಿಧಾನವಾಗಿ ಇಳಿದರೆ ಮೈಯ ನೀರು ಬತ್ತಿದೆ. ತುಟಿ ಎತ್ತಿ ಒಸಡು ನೋಡಿ. ಬಿಳಿಚಿದ್ದರೆ, ಒಣಗಿ ಅಂಟಂಟಾಗಿದ್ದರೆ, ಮಲದಲ್ಲಿ ರಕ್ತವಿದ್ದರೆ, ಅಥವಾ ಮಲ ಡಾಂಬರಿನಂತೆ ಕಪ್ಪಗಿದ್ದರೆ, ಕುಡಿದದ್ದೆಲ್ಲಾ ಕಕ್ಕುತ್ತಿದ್ದರೆ ಆ ಹೊತ್ತೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಸಂಚಾರಿ ಪಶು ಚಿಕಿತ್ಸೆಯ 1962 ಸಂಖ್ಯೆಗೆ ಫೋನು ಮಾಡಿ ಕೇಳಬಹುದು. ಮರಿಯಾದರೆ ಎರಡು ದಿನದ ಮಾತೇ ಇಲ್ಲ, ಅದೇ ದಿನ. ಇನ್ನೊಂದು, ಹೊಲಕ್ಕೆ ಔಷಧಿ ಹೊಡೆದ ದಿನ ನಾಯಿಗೆ ಭೇದಿಯ ಜೊತೆ ಜೊಲ್ಲು, ನಡುಕ, ಕಣ್ಣಿನ ಪಾಪೆ ಚಿಕ್ಕದಾಗುವುದು ಕಂಡರೆ ಅದು ಅಜೀರ್ಣವಲ್ಲ, ವಿಷ. ಔಷಧಿಯ ಡಬ್ಬಿಯನ್ನೂ ಜೊತೆಯಲ್ಲೇ ತೆಗೆದುಕೊಂಡು ಹೋಗಿ. ಪಂಪು ತೊಳೆದ ನೀರನ್ನು ನಾಯಿ ಕುಡಿಯುವ ಗುಂಡಿಗೆ ಚೆಲ್ಲುವವರು ನಮ್ಮಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ.

ಈಗ ಆ ಎರಡನೆಯ ಮರಿಯ ವಿಷಯ. ಅವೆರಡಕ್ಕೂ ಬಂದದ್ದು ಪಾರ್ವೊ ಎಂಬ ರೋಗವೆಂದು ನಾನು ಲಕ್ಷಣ ಹೇಳಿದಾಗ ಪಶುವೈದ್ಯರೊಬ್ಬರು ತಿಳಿಸಿದರು. "ನಮ್ಮ ಕಾಲದ ಮರಿಗಳು ಯಾವ ಸೂಜಿಯೂ ಇಲ್ಲದೆ ಬೆಳೆಯಲಿಲ್ಲವೇ?" ಎಂದು ಕೇಳಬಹುದು. ಈ ರೋಗ ಲೋಕದ ನಾನಾ ಕಡೆ ಹರಡಿದ್ದೇ 1978ರಲ್ಲಿ. ಅಜ್ಜಂದಿರ ಕಾಲಕ್ಕೆ ಇದು ಇರಲಿಲ್ಲ. ರೋಗದ ಮರಿಯ ಮಲದಲ್ಲಿ ಹೊರಬಿದ್ದ ವಿಷಾಣು ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಬರೀ ಸಗಣಿ ಸಾರಿಸಿದರೆ ಸಾಯುವುದಿಲ್ಲ. ನಾನು ಅದೇ ಗೋಣಿಚೀಲ ಹಾಸಿದ್ದೆ! ಆ ಹಾಸಿಗೆ ಸುಡಬೇಕು. ಮಲ ತೆಗೆದು, ಜಾಗ ತೊಳೆದು, 10 ಲೀಟರ್ ನೀರಿಗೆ 100 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಕದಡಿ ಗಾರೆ ನೆಲಕ್ಕೆ, ಬಟ್ಟಲಿಗೆ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಮಣ್ಣಿನ ಹಿತ್ತಿಲಾದರೆ ಇದು ಪೂರ್ತಿ ಸಾಗದು. ಅಲ್ಲಿಗೆ ಲಸಿಕೆ ಮುಗಿಯದ ಮರಿಯನ್ನು ಒಂದು ವರ್ಷ ತರದಿರುವುದೇ ಲೇಸು. ಇದು ಮನುಷ್ಯರಿಗೆ ಹತ್ತುವ ರೋಗವಲ್ಲ, ಆ ಭಯ ಬೇಡ.

ಲಸಿಕೆಯನ್ನು 6ರಿಂದ 8 ವಾರದ ವಯಸ್ಸಿಗೆ ಮೊದಲು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸುತ್ತಾ, ಕೊನೆಯದು 16 ವಾರ ತುಂಬಿದ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು. ಒಂದೇ ಸೂಜಿ ಹಾಕಿಸಿ ಕೈ ತೊಳೆದುಕೊಂಡರೆ ಪ್ರಯೋಜನವಿಲ್ಲ. ತಾಯಿಹಾಲಿನಿಂದ ಬಂದ ಶಕ್ತಿ ಇರುವವರೆಗೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಜಂತುಹುಳು, ಕೊಕ್ಕೆಹುಳುಗಳ ಔಷಧಿಯೂ ಮರಿಯ ತೂಕಕ್ಕೆ ತಕ್ಕಂತೆ ವೈದ್ಯರನ್ನು ಕೇಳಿ ಕೊಡಬೇಕು. ಕುರಿ ಕೊಯ್ದಾಗ ನೀರುಗುಳ್ಳೆಯಿರುವ ಈಲಿ, ಶ್ವಾಸಕೋಶಗಳನ್ನು ನಾಯಿಗೆ ಎಸೆಯಬೇಡಿ, ಆಳವಾಗಿ ಹೂಳಿ. ಅದರಿಂದ ನಾಯಿಗೆ ಲಾಡಿಹುಳು, ನಾಯಿಯಿಂದ ನಮ್ಮ ಮಕ್ಕಳ ಈಲಿಗೆ ಗುಳ್ಳೆ.

ಮಾತು ಮುಗಿಸಿ ಇಳಿದಾಗ ಅಜ್ಜಿಯೊಬ್ಬರು, "ಮಗಾ, ಭೇದಿಗೆ ಮೆಂತ್ಯದ ಮಜ್ಜಿಗೆ ಕೊಡಬಹುದಾ?" ಎಂದು ಕೇಳಿದರು. "ನೀರು ಮಜ್ಜಿಗೆ ಸ್ವಲ್ಪ ಕೊಡಿ ಅಜ್ಜೀ, ಮೆಂತ್ಯ ನಿಮಗಿರಲಿ" ಎಂದೆ. ಅವರ ಮನೆಯಲ್ಲಿ ಏಳು ವಾರದ ನಾಲ್ಕು ಮರಿಗಳಿವೆಯಂತೆ. ಸೋಮವಾರ ಬೆಳಿಗ್ಗೆ ಬುಟ್ಟಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋಗುವುದೆಂದು ನಿಶ್ಚಯವಾಗಿದೆ. ಮರಿಗಳಿರುವ ಬೇರೆ ಮನೆಯವರೂ ಆ ಹೊತ್ತಿಗೆ ಚಾವಡಿಯ ಬಳಿ ಬಂದರೆ ಒಟ್ಟಿಗೆ ಹೋಗಬಹುದು.